“ಉಳಿದ ಮೇಲೆ ನೋಡೋಣ”

ತಿಂಗಳು ತುಂಬದೆ ಹುಟ್ಟಿದ ಕೂಸಿನ ವಿಷಯದಲ್ಲಿ ನಮ್ಮ ಕಡೆಯ ಜನ ಆಡುವ ಮಾತೊಂದಿದೆ: “ಉಳಿದ ಮೇಲೆ ನೋಡೋಣ.” ತೊಟ್ಟಿಲು ಕಟ್ಟುವುದು ಉಳಿದ ಮೇಲೆ, ಹೆಸರಿಡುವುದು ಉಳಿದ ಮೇಲೆ, ಬೀಗರ ಮನೆಗೆ ಸಕ್ಕರೆ ಕಳಿಸುವುದಂತೂ ಉಳಿದ ಮೇಲೆಯೇ ಸರಿ. ಕೇಳುವುದಕ್ಕೆ ಇದು ಹಿರಿಯರ ವಿವೇಕದಂತೆ ತೋರುತ್ತದೆ. ಆದರೆ ಬಂದ ಕೂಸನ್ನು ಹೊಸ್ತಿಲಾಚೆ ನಿಲ್ಲಿಸಿ, ‘ನೀನು ಇರುವವಳೋ ಹೋಗುವವಳೋ ಮೊದಲು ಹೇಳು’ ಎಂದು ಕೇಳುವ ಈ ರೀತಿಯನ್ನು ವಿವೇಕವೆಂದು ಒಪ್ಪಲು ನಾನು ಸಿದ್ಧನಿಲ್ಲ. ನಾವು ಹೀಗೆ ಕಾಯುತ್ತ ಕೂಡುವುದರಿಂದಲೇ ಕೈಬಿಟ್ಟುಹೋಗುವ ಕೂಸುಗಳಿವೆ ಎಂಬುದು ನನ್ನ ವಾದ.

ಹುನಗುಂದ ಸೀಮೆಯ ರಾಮಥಾಳದಲ್ಲಿ ನಮ್ಮ ನಂಟರ ಮನೆಯೊಂದಿದೆ. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಆ ಮನೆಯ ಮಗಳು ಎಂಟನೆಯ ತಿಂಗಳಲ್ಲೇ ಹಡೆದಳು. ಹೆಣ್ಣು ಕೂಸು, ತೂಕ ಒಂದೂವರೆ ಕಿಲೋ. ಗುಳೇದಗುಡ್ಡದ ಖಣದಲ್ಲಿ ಮೊದಲೇ ಹೊಲಿಸಿಟ್ಟ ಕುಲಾವಿ ತಲೆಯ ಮೇಲೆ ನಿಲ್ಲದೆ ಗದ್ದದವರೆಗೆ ಜಾರುತ್ತಿತ್ತು. ಮನೆಯ ಹಿರಿಯಜ್ಜಿ ನನ್ನೆದುರಿಗೇ ಹೇಳಿದಳು: “ಏಳರಾಗ ಹುಟ್ಟಿದ್ರ ಬದುಕತಿತ್ತೋ ತಮ್ಮಾ, ಇದು ಎಂಟರಾಗ ಹುಟ್ಟೇತಿ. ಸುಮ್ನ ಆಸೆ ಹಚ್ಚಿಕೋಬ್ಯಾಡ್ರಿ.” ಅಜ್ಜಿ ಕಲ್ಲೆದೆಯವಳಲ್ಲ. ಅದೇ ಸಂಜೆ ಸಂಗಮನಾಥನಿಗೆ ಕೈಮುಗಿದು, ಕೂಸು ಉಳಿದರೆ ಅಲ್ಲಿಯೇ ಜವಳ ತೆಗೆಸುವೆನೆಂದು ಹರಕೆ ಹೊತ್ತವಳೂ ಅವಳೇ. ಹರಕೆಯ ಮೇಲೆ ನನ್ನ ತಕರಾರೇನೂ ಇಲ್ಲ. ಹರಕೆ ಹೊತ್ತ ಕೈ ಕೂಸನ್ನು ಎತ್ತಿಕೊಳ್ಳಲು ಹಿಂಜರಿಯಿತಲ್ಲ, ನನ್ನ ಜಗಳ ಅದರ ಮೇಲೆ.

ಈ ಎಂಟರ ಅಂಜಿಕೆ ನಮ್ಮದೊಂದೇ ಅಲ್ಲ. ಗ್ರೀಸಿನ ಹಿಪ್ಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವನ್ನೇ ಕುರಿತದ್ದೊಂದಿದೆ. ಎರಡು ಸಾವಿರ ವರ್ಷಗಳಿಗೂ ಹಳೆಯ ಭ್ರಮೆ ಇದು. ಹಳೆಯದಾದ ಮಾತ್ರಕ್ಕೆ ನಿಜವಾಗಲಿಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಬಲವನ್ನು ಹೆಚ್ಚಿಸುತ್ತದೆಯೇ ಹೊರತು ಏಳರಿಂದ ಎಂಟಕ್ಕೆ ದಾಟಿದೊಡನೆ ಬಲ ಕುಂದುವ ಚಮತ್ಕಾರ ಯಾವ ಶರೀರದಲ್ಲೂ ನಡೆಯುವುದಿಲ್ಲ. ತಮಾಷೆಯೆಂದರೆ, ಲಿಂಗವಂತರ ಸಂಪ್ರದಾಯದಲ್ಲಿ ಗರ್ಭದಲ್ಲಿರುವ ಕೂಸಿಗೆ ಲಿಂಗಧಾರಣೆಯ ಸಂಸ್ಕಾರ ನಡೆಯುವುದು ಇದೇ ಎಂಟನೆಯ ತಿಂಗಳಲ್ಲಿ! ಒಳಗಿದ್ದಾಗ ಭಕ್ತನೆಂದು ಒಪ್ಪಿಕೊಂಡ ಕೂಸು ಮರುವಾರ ಹೊರಗೆ ಬಂದರೆ ಆಗಂತುಕನಾಗುವುದು ಹೇಗೆ?

ಕೂಡಲಸಂಗಮ ಇದೇ ಹುನಗುಂದ ಸೀಮೆಯಲ್ಲಿದೆ. ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಐದು ಸೂತಕಗಳನ್ನೂ ಶರಣರು ತಳ್ಳಿಹಾಕಿದರೆಂದು ನಾವು ವರ್ಷವರ್ಷವೂ ಬಸವ ಜಯಂತಿಯ ವೇದಿಕೆಯಲ್ಲಿ ಭಾಷಣ ಮಾಡುತ್ತೇವೆ. ಭಾಷಣ ಮುಗಿಸಿ ಮನೆಗೆ ಬಂದು ಬಾಣಂತಿಯನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಸಿ, ಅಗ್ಗಿಷ್ಟಿಕೆಯ ಹೊಗೆ ಹಾಕಿ, ‘ಮುಟ್ಟಬೇಡಿ’ ಎನ್ನುತ್ತೇವೆ. ಪುರಾಣದ ಬಸವಣ್ಣ ಮೂರು ವರ್ಷ ತಾಯಿಯ ಗರ್ಭದಲ್ಲಿದ್ದನೆಂದು ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಹಾಡಿದ್ದಾನೆ. ತಿಂಗಳ ಲೆಕ್ಕಕ್ಕೆ ಅದೂ ತಪ್ಪಿದ ಜನನವೇ. ಆದರೂ ಲಿಂಗ ಕಟ್ಟಲು ಸಂಗಮನಾಥನೇ ಬಂದನೆಂಬುದು ಕಥೆ. ‘ಉಳಿದ ಮೇಲೆ ಬರುತ್ತೇನೆ’ ಎಂದು ಆ ದೇವರು ಹೇಳಿ ಕಳಿಸಲಿಲ್ಲ.

ಹೆಸರಿನ ಮಾತಿಗೆ ಬಂದರೆ, ಹಿಂದಿನವರು ನಮಗಿಂತ ಧೈರ್ಯಸ್ಥರು. ಕೂಸುಗಳನ್ನು ಒಂದಾದ ಮೇಲೊಂದು ಕಳೆದುಕೊಂಡ ತಾಯಿ, ಹೊಸದಾಗಿ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣನೆಂದು, ತಿಪ್ಪವ್ವನೆಂದು ಕರೆಯುತ್ತಿದ್ದಳು. ಯಮನ ಕಣ್ಣಿಗೆ ಕಸವಾಗಿ ಕಾಣಲೆಂದು ಹೂಡಿದ ಉಪಾಯ ಅದು. ಆದರೂ ಅದೊಂದು ಹೆಸರೇ. ಏನೂ ಹೆಸರಿಡದೆ, ಆಸ್ಪತ್ರೆಯ ಕಾಗದದಲ್ಲಿ ವಾರಗಟ್ಟಲೆ ‘ಇಂಥವಳ ಮಗು’ ಎಂದೇ ಬಿಟ್ಟಿರುವುದು ನಮ್ಮ ಕಾಲದ ಜಾಣತನ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಹೆಸರಿಟ್ಟು ಹಚ್ಚಿಕೊಂಡ ಮೇಲೆ ಹೋದರೆ ದುಃಖ ಹೆಚ್ಚಲ್ಲವೆ ಎಂದು ಕೇಳುತ್ತಾರೆ. ಒಂಬತ್ತು ತಿಂಗಳಲ್ಲದಿದ್ದರೂ ಎಂಟು ತಿಂಗಳು ಹೊತ್ತವಳನ್ನು ಯಾರಾದರೂ ಈ ಪ್ರಶ್ನೆ ಕೇಳಿ ನೋಡಲಿ. ಅವಳು ಆಗಲೇ ಹಚ್ಚಿಕೊಂಡಾಗಿದೆ. ಹೆಸರಿಲ್ಲದ ಕೂಸು ಹೋದರೆ ಅವಳು ಯಾರ ಹೆಸರು ಹಿಡಿದು ಅಳಬೇಕು? ಮನೆಯವರ ಎಚ್ಚರಿಕೆಯಿಂದ ಉಳಿತಾಯವಾಗುವುದು ಮನೆಯವರ ದುಃಖ, ತಾಯಿಯದಲ್ಲ.

ಪಟ್ಟಣದ ವಾಚಕರು ಇಷ್ಟನ್ನು ಓದಿ, ಹಳ್ಳಿಯವರ ಮೌಢ್ಯವೆಂದು ಸಮಾಧಾನ ಪಟ್ಟುಕೊಳ್ಳಬಾರದು. ನಮ್ಮ ನಂಟರ ಕೂಸನ್ನು ಕಡೆಗೆ ಸೇರಿಸಿದ್ದು ಪಟ್ಟಣದ ದೊಡ್ಡ ಆಸ್ಪತ್ರೆಯೊಂದಕ್ಕೆ. ಅಲ್ಲಿ ಹನ್ನೊಂದು ದಿನ ತಾಯಿ ಕೂಸನ್ನು ಗಾಜಿನಾಚೆಯಿಂದ ನೋಡಿದಳೇ ಹೊರತು ಮುಟ್ಟಲಿಲ್ಲ. ನಂಜಾದೀತೆಂಬ ಭಯವನ್ನು ಕಾರಣವಾಗಿ ಕೊಟ್ಟರು. ಹಳ್ಳಿಯ ಸೂತಕಕ್ಕೂ ಪಟ್ಟಣದ ಈ ಮಡಿಗೂ ನನಗೆ ಬಹಳ ವ್ಯತ್ಯಾಸ ಕಾಣಲಿಲ್ಲ. ಒಂದಕ್ಕೆ ಬಿಲ್ಲಿಲ್ಲ, ಇನ್ನೊಂದಕ್ಕೆ ಇದೆ.

ವೈದ್ಯಶಾಸ್ತ್ರ ಹೇಳುವುದಾದರೂ ಏನು? 1978ರ ಹೊತ್ತಿಗೆ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಶಾಖದ ಪೆಟ್ಟಿಗೆಗಳು ಸಾಲದೆ ಹೋದಾಗ, ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಪ್ರಾಣಿಯ ಹೆಸರು ಹೊತ್ತ ಆ ಪದ್ಧತಿ ಬಡವರ ಪರಿಹಾರವೆಂದು ಬಹುಕಾಲ ಮೂಲೆಯಲ್ಲಿತ್ತು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳ ಪರೀಕ್ಷೆ ಹೊರಬಿತ್ತು. ಒಂದು ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳನ್ನು ಹುಟ್ಟಿದ ಕೂಡಲೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟಾಗ ಸಾವು ಕಾಲುಭಾಗದಷ್ಟು ಕಡಿಮೆಯಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಜಗತ್ತಿಗೆಲ್ಲ ಸಲಹೆ ಮಾಡಿತು. ‘ಕೂಸು ಚೇತರಿಸಿಕೊಂಡ ಮೇಲೆ’ ಎಂದಲ್ಲ, ‘ಹುಟ್ಟಿದ ಕೂಡಲೆ’ ಎಂದು. ದೂರದ ಮಾತೇಕೆ, ಇಳಕಲ್ಲಿನ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಆರೈಕೆಯನ್ನು ವ್ಯಾಪಕವಾಗಿ ನಡೆಸಿ ನೋಡಿದ್ದಾರೆ. 2020ರಲ್ಲಿ ನಮ್ಮ ದೇಶದಲ್ಲಿ ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಕೂಸುಗಳು ಸುಮಾರು 30 ಲಕ್ಷ. ಇಷ್ಟೊಂದು ಕೂಸುಗಳಿಗೆ ಗಾಜಿನ ಪೆಟ್ಟಿಗೆ ಎಲ್ಲಿಂದ ತರುವುದು? ಎದೆಯಾದರೋ ಪ್ರತಿ ಕೂಸಿನ ಜೊತೆಗೇ ಬಂದಿರುತ್ತದೆ. ತಾಯಿ ದಣಿದರೆ ತಂದೆಯದೂ ಆಗುತ್ತದೆ, ಅಜ್ಜಿಯದೂ ಆಗುತ್ತದೆ. ಬೇಕಾದ ಸಲಕರಣೆ ಒಂದು ಕುಲಾವಿ, ಎದೆಗೆ ಬಿಗಿದು ಕಟ್ಟಲು ಒಂದು ಮೆತ್ತನೆಯ ಬಟ್ಟೆ. ಉಟ್ಟು ಹಣ್ಣಾದ ಇಳಕಲ್ಲ ಹತ್ತಿ ಸೀರೆಗಿಂತ ಮೆತ್ತನೆಯದು ಯಾವ ಅಂಗಡಿಯಲ್ಲಿದೆಯೋ ನಾನರಿಯೆ.

ಹಾಲಿನ ವಿಷಯವೂ ಹೀಗೆಯೇ. ಚೀಪುವ ಶಕ್ತಿ ಬರುವವರೆಗೆ ತಾಯಿಯ ಹಾಲನ್ನೇ ಹಿಂಡಿ, ವೈದ್ಯರು ಹೇಳಿದಷ್ಟನ್ನು, ಎರಡು ಗಂಟೆಗೊಮ್ಮೆ ಕೊಡುತ್ತಾರೆ. ನುಂಗಲು ಬಂದ ಮೇಲೆ ಅದಕ್ಕೆ ಒಳಲೆಯೇ ಸಾಕು. ಇಷ್ಟೇ ಹಾಲು ಏತಕ್ಕೆ ಸಾಕೆಂದು ಮನೆಯವರು ಬೇಸರಪಟ್ಟಾಗ ನಾನು ಹೊಲದ ಕಡೆ ಕೈತೋರಿಸಿದೆ. ಸುಮಾರು 24 ಸಾವಿರ ಹೆಕ್ಟೇರಿಗೆ ಹನಿಹನಿಯಾಗಿ ನೀರುಣಿಸುವ ಯೋಜನೆ ಅವರ ಊರ ಹೆಸರಿನಲ್ಲೇ ಇದೆ. ಬೇರಿಗೆ ಹನಿ ಸಾಕೆಂದು ಒಪ್ಪಿದವರು ಕರುಳಿಗೆ ಹನಿ ಸಾಕೆಂದು ಒಪ್ಪಲು ಕಷ್ಟಪಟ್ಟರು.

ಆದರೆ ನಾನು ಈ ಲೇಖನಕ್ಕೆ ಕೈಹಚ್ಚಿದ್ದು ಮುಖ್ಯವಾಗಿ ಕಣ್ಣಿನ ಸಲುವಾಗಿ. ಬೇಗ ಹುಟ್ಟಿದ ಕೂಸಿನ ಕಣ್ಣಿನ ಒಳಪರದೆಯ ರಕ್ತನಾಳಗಳು ಬೆಳೆದು ಮುಗಿದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಪರದೆ ಕಿತ್ತು ಕೂಸು ಕುರುಡಾಗಬಹುದು. ಹೊರಗಿನಿಂದ ನೋಡಿದರೆ ಕಣ್ಣು ನಿರ್ಮಲವಾಗಿಯೇ ಕಾಣುತ್ತದೆ. ತಾಯಿಗೂ ತಿಳಿಯದು, ಸೂಲಗಿತ್ತಿಗೂ ತಿಳಿಯದು. ಎರಡು ಕಿಲೋಗಿಂತ ಕಡಿಮೆ ತೂಕದ, ಇಲ್ಲವೆ ಮೂವತ್ತನಾಲ್ಕು ವಾರಕ್ಕೆ ಮೊದಲು ಹುಟ್ಟಿದ ಕೂಸಿನ ಕಣ್ಣನ್ನು ಹುಟ್ಟಿದ ಮೂವತ್ತು ದಿನದೊಳಗೆ ಪರೀಕ್ಷಿಸಲೇಬೇಕು. ಬಹಳ ಚಿಕ್ಕವಕ್ಕೆ ಇನ್ನೂ ಮೊದಲು. ರೋಗ ಕಂಡರೆ ಎರಡು ಮೂರು ದಿನದಲ್ಲಿ ಲೇಸರ್ ಚಿಕಿತ್ಸೆ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ, ತಂತ್ರಜ್ಞರ ಕೈಗೆ ಕ್ಯಾಮೆರಾ ಕೊಟ್ಟು ಜಿಲ್ಲೆಯ ಆಸ್ಪತ್ರೆಗಳಿಗೆ ಕಳಿಸಿ, ಕೂಸಿನ ಕಣ್ಣಿನ ಚಿತ್ರವನ್ನು ದೂರದಲ್ಲಿರುವ ತಜ್ಞರು ನೋಡುವ ವ್ಯವಸ್ಥೆಯನ್ನು ಆರಂಭಿಸಿದರು. ಇಷ್ಟಾದ ಮೇಲೂ ಕೂಸನ್ನು ಕರೆತರುವವರು ಬೇಕಲ್ಲ!

ನಮ್ಮ ಬಾಣಂತನದ ಕಟ್ಟು ನಲವತ್ತು ದಿನ. ಕಣ್ಣು ನಮಗಾಗಿ ಕಾಯುವುದು ಮೂವತ್ತು ದಿನ. ನಡುವಿನ ಹತ್ತು ದಿನದ ಹಟಕ್ಕೆ ಕೂಸಿನ ಬೆಳಕನ್ನು ಬೆಲೆಯಾಗಿ ಕೊಡಬೇಕೆ? ರಾಮಥಾಳದಲ್ಲೂ ಈ ಚರ್ಚೆ ನಡೆಯಿತು. ಹೊಸ್ತಿಲು ದಾಟಿದರೆ ಗಾಳಿ ಸೋಂಕೀತೆಂದರು; ಅಮಾವಾಸ್ಯೆ ಕಳೆಯಲೆಂದರು; ಹೆಸರೇ ಇಡದ ಕೂಸನ್ನು ಊರೂರು ತಿರುಗಿಸುವುದೇ ಎಂದರು. ಕಡೆಯ ಆಕ್ಷೇಪಣೆಯನ್ನು ಕೂಸಿನ ತಾಯಿ ಅಲ್ಲಿಯೇ ಪರಿಹರಿಸಿದಳು. ಯಾರನ್ನೂ ಕೇಳದೆ ‘ಸಂಗಮ್ಮ’ ಎಂದು ಕರೆದು, ಎದೆಗೆ ಕಟ್ಟಿಕೊಂಡು, ಇಪ್ಪತ್ತಾರನೆಯ ದಿನ ಬಸ್ಸು ಹತ್ತಿದಳು.