ಮಕ್ಕಳನ್ನು ಅಳೆಯುವ ಕೋಲು ಯಾರದು?



ಕಳೆದ ಶ್ರಾವಣದಲ್ಲಿ ಇಳಕಲ್ಲಿನ ನೇಕಾರ ಬಂಧುಗಳೊಬ್ಬರ ಮನೆಗೆ ನಾವು ಹೋಗಿದ್ದೆವು. ಪಡಸಾಲೆಯಲ್ಲಿ ಕುಣಿಮಗ್ಗ. ಮಗ್ಗದ ಬದಿಗೆ ಶಾಲೆಯಿಂದ ಆಗತಾನೇ ಬಂದ ಹುಡುಗನೊಬ್ಬ ಕುಳಿತಿದ್ದ. ಅವನ ತಾಯಿ ನಮ್ಮ ಮುಂದೆ ತಂಬಿಗೆ ನೀರಿಡುತ್ತಲೇ ತಮ್ಮ ಸಂಕಟ ತೋಡಿಕೊಂಡರು: “ಓದು ಇವನ ತಲಿಗಿ ಹತ್ತವಲ್ದು ನೋಡ್ರಿ ಅಜ್ಜಾರ. ಮೂರನೇ ಇಯತ್ತೆಗೆ ಬಂದಾನ, ಒತ್ತಕ್ಷರ ಬಂದ್ರ ತಡವರಸ್ತಾನ. ಸಾಲ್ಯಾಗ ಮಂದ ಅಂತಾರ.” ಹುಡುಗ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಬಳಿಕ ಅವನ ತಂದೆ, ಈ ಸೀರೆ ಮುಗಿಯಲು ಇನ್ನೆಷ್ಟು ಕಂಡಿಕೆ ನೂಲು ಬೇಕಾದೀತೆಂದು ಮಗ್ಗದೊಳಗಿಂದಲೇ ಕೇಳಿದರು. ನೇಯ್ದದ್ದೆಷ್ಟು, ಉಳಿದದ್ದೆಷ್ಟು ಎಂದು ಕಣ್ಣಳತೆಯಲ್ಲೇ ನೋಡಿ ಹುಡುಗ ಲೆಕ್ಕ ಹೇಳಿಬಿಟ್ಟ. ತಂದೆ ಹೌದೆಂದರು. ಆ ಲೆಕ್ಕವನ್ನು ಮನೆಯಲ್ಲಿ ಯಾರೂ ಜಾಣತನವೆಂದು ಎಣಿಸಲಿಲ್ಲ.

ಮನೆಗೆ ಮರಳಿದ ಮೇಲೂ ಆ ತಾಯಿಯ ಮಾತು ನಮ್ಮನ್ನು ಬಿಡಲಿಲ್ಲ. ಈ ಮಗುವನ್ನು ಮಂದನೆಂದು ತೀರ್ಮಾನಿಸಿದ ಅಳತೆಗೋಲು ಯಾವುದು? ಅದನ್ನು ಎಲ್ಲಿಯ ಮಕ್ಕಳನ್ನು ನೋಡಿ ಮಾಡಿದರು? ಈ ಸಂಚಿಕೆಯಲ್ಲಿ ಅದನ್ನೇ ಓದುಗರೊಂದಿಗೆ ವಿಚಾರ ಮಾಡಬೇಕೆಂದಿದ್ದೇವೆ.

ಮಗುವಿನ ಮನಸ್ಸು ಹೇಗೆ ಬೆಳೆಯುತ್ತದೆಂಬ ಶಾಸ್ತ್ರ ನಮ್ಮ ಶಿಕ್ಷಕರ ತರಬೇತಿ ಪುಸ್ತಕಗಳಲ್ಲೆಲ್ಲ ಇದೆ. ಅದರಲ್ಲಿ ಮೊದಲು ಕಾಣುವ ಹೆಸರು ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆಯವರದು. ಶೈಶವದ ಬಗ್ಗೆ ಅವರು ಬರೆದ ಪ್ರಸಿದ್ಧ ಗ್ರಂಥಗಳಿಗೆ ಆಧಾರವಾದದ್ದು ಅವರ ಸ್ವಂತ ಮೂವರು ಮಕ್ಕಳನ್ನು ದಿನದಿನವೂ ಗಮನಿಸಿ ಬರೆದಿಟ್ಟ ಟಿಪ್ಪಣಿಗಳು. ಅವರ ಶ್ರಮ, ಸೂಕ್ಷ್ಮದೃಷ್ಟಿ ದೊಡ್ಡವು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ಮಕ್ಕಳ ತೊಟ್ಟಿಲ ಬಳಿ ಕಂಡದ್ದು ಜಗತ್ತಿನ ಎಲ್ಲ ತೊಟ್ಟಿಲುಗಳಿಗೂ ಒಪ್ಪೀತೆ? ಇದು ಹಳೆಯ ಕಾಲದ ಕೊರತೆ, ಈಗ ತೀರಿರಬಹುದು ಎಂದುಕೊಂಡರೆ ಅದೂ ಸುಳ್ಳು. ಮಕ್ಕಳ ಬೆಳವಣಿಗೆಯ ವಿಷಯದ ಮೂರು ಪ್ರಮುಖ ಪತ್ರಿಕೆಗಳಲ್ಲಿ 2006ರಿಂದ 2010ರವರೆಗೆ ಬಂದ ಲೇಖನಗಳನ್ನು ಸಂಶೋಧಕರು ಪರಿಶೀಲಿಸಿ, ತಮ್ಮ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಅಧ್ಯಯನಕ್ಕೆ ಒಳಗಾದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಅಮೆರಿಕ, ಯುರೋಪ್ ಮೊದಲಾದ ಶ್ರೀಮಂತ ಪಾಶ್ಚಾತ್ಯ ಸಮಾಜಗಳವರೇ ಆಗಿದ್ದರು. ಜಗತ್ತಿನ ಬಹುಪಾಲು ಮಕ್ಕಳಿರುವ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳಿಗೆ ದೊರೆತದ್ದು ಅಳಿದುಳಿದ ಪಾಲು. ಹತ್ತು ಮನೆಯಲ್ಲಿ ಒಂದೇ ಮನೆಯ ಮಕ್ಕಳ ಮೈಯಳತೆ ತೆಗೆದು, ಹತ್ತೂ ಮನೆಯ ಮಕ್ಕಳಿಗೆ ಅದೇ ಅಳತೆಯಲ್ಲಿ ಅಂಗಿ ಹೊಲಿದಂತಾಯಿತು. ಅಂಗಿ ಬಿಗಿಯಾದರೆ ತಪ್ಪು ಮಗುವಿನದೆನ್ನುವುದು ನ್ಯಾಯವೆ?

ಇದು ಪಂಡಿತರ ಚರ್ಚೆ, ನಮಗೇನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಇಳಕಲ್ಲಿನ ಆ ಹುಡುಗನ ಒತ್ತಕ್ಷರವನ್ನೇ ತೆಗೆದುಕೊಳ್ಳೋಣ. ಇಂಗ್ಲಿಷ್ ಕಲಿಯುವ ಮಗುವಿಗೆ ಇರುವುದು 26 ಅಕ್ಷರ. ನಮ್ಮ ವರ್ಣಮಾಲೆಯೇ ಐವತ್ತರ ಆಸುಪಾಸು. ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ. ಒತ್ತಕ್ಷರಗಳು ಅದರ ಮೇಲೆ. ಡಾ. ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳನ್ನೇ ಅಧ್ಯಯನ ಮಾಡಿ 2007ರಲ್ಲಿ ಲೇಖನ ಪ್ರಕಟಿಸಿದರು. ಅಕ್ಷರಗಳ ಪರಿಚಯ ನಮ್ಮ ಮಕ್ಕಳಲ್ಲಿ ನಿಧಾನವಾಗಿ ಬೆಳೆಯುತ್ತದೆ, ನಾಲ್ಕನೆಯ ತರಗತಿಯವರೆಗೂ ಅದು ಮುಂದುವರಿಯುತ್ತದೆ ಎಂಬುದು ಅವರು ಕಂಡ ಸಂಗತಿ. ಅಂದಮೇಲೆ, ಇಂಗ್ಲಿಷ್ ಮಕ್ಕಳ ವೇಗವನ್ನು ನೋಡಿ ಗೊತ್ತುಮಾಡಿದ ಗಡುವಿನೊಳಗೆ ಕನ್ನಡದ ಮಗು ಓದಲಿಲ್ಲವೆಂದು ಅದಕ್ಕೆ ಮಂದನೆಂಬ ಪಟ್ಟ ಕಟ್ಟುವುದು ಅವಸರದ ತೀರ್ಪು. ಕನ್ನಡದ ಮಕ್ಕಳನ್ನು ಕನ್ನಡದಲ್ಲೇ ಗಮನಿಸಿದ್ದರಿಂದ ಈ ಮಾತು ತಿಳಿಯಿತು. ಆದರೆ ತಡವರಿಸುವ ಪ್ರತಿಯೊಂದು ಮಗುವನ್ನೂ ‘ತಾನೇ ಕಲಿತೀತು’ ಎಂದು ಬಿಟ್ಟುಬಿಡಬಾರದು. ಕಣ್ಣು, ಕಿವಿಗಳನ್ನು ವೈದ್ಯರಿಗೆ ತೋರಿಸಬೇಕು. ಓದಿನ ತೊಡಕು ನಿಜವಾಗಿದ್ದರೆ ತಕ್ಕ ನೆರವು ದೊರಕಿಸಬೇಕು.

ಇನ್ನು ಆ ಹುಡುಗನ ಲೆಕ್ಕದ ಮಾತು. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿ ಸಂತೆಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಬಳಿ ಸಂಶೋಧಕರು ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದರು. ನೂರಕ್ಕೆ 98 ಉತ್ತರಗಳು ಸರಿಯಿದ್ದವು. ಅಂಥವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಅದೇ ಮಕ್ಕಳ ಸರಿಯುತ್ತರ ನೂರಕ್ಕೆ 37ಕ್ಕೆ ಇಳಿಯಿತು. ಇದು 1985ರಲ್ಲಿ ಪ್ರಕಟವಾಯಿತು. ನಾಲ್ಕು ದಶಕಗಳ ನಂತರ, 2025ರಲ್ಲಿ, ಕೋಲ್ಕತ್ತಾ ಹಾಗೂ ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಂಥದೇ ಸಂಗತಿಯನ್ನು ‘ನೇಚರ್’ ವಿಜ್ಞಾನ ಪತ್ರಿಕೆ ಪ್ರಕಟಿಸಿತು. ಆ ಅಧ್ಯಯನ ಇನ್ನೊಂದು ಮಗ್ಗುಲನ್ನೂ ತೋರಿಸಿತು: ಶಾಲೆಯ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋತರು. ಬದುಕಿನ ಲೆಕ್ಕ ಒಂದು ದಂಡೆ, ಪುಸ್ತಕದ ಲೆಕ್ಕ ಇನ್ನೊಂದು ದಂಡೆ. ನಡುವೆ ಸೇತುವೆ ಕಟ್ಟಬೇಕಾದವರು ಹಿರಿಯರಾದ ನಾವು. ಮಗ್ಗದ ಬದಿಯ ಮಗುವಿಗೆ ಕಂಡಿಕೆಯ ಲೆಕ್ಕದಿಂದಲೇ ಭಾಗಾಕಾರ ಆರಂಭಿಸಬಲ್ಲ ಗುರುಗಳು ಆ ಸೇತುವೆಯ ಮೊದಲ ಕಲ್ಲನ್ನು ಇಟ್ಟಂತೆ.

ಅಳತೆಗೋಲನ್ನು ನಮ್ಮ ಮಕ್ಕಳಿಗೆ ಒಪ್ಪುವಂತೆ ತಿದ್ದುವ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. ಪ್ಯಾರಿಸಿನಲ್ಲಿ ಬಿನೆ ಮತ್ತು ಸಿಮೋನ್ ಎಂಬವರು 1905ರಲ್ಲಿ ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಯೊಂದನ್ನು ರೂಪಿಸಿದರು. ಅದನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮುಂದಿಡದೆ, ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದವರು ಡಾ. ವಿ. ವಿ. ಕಾಮತರು. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದ ಕಾಲವದು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥ 1940ರಲ್ಲಿ ಹೊರಬಂದಿತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರು ದೇಶದ ಮನಃಶಾಸ್ತ್ರಜ್ಞರಿಗೆಲ್ಲ ಪರಿಚಿತ. ದೂರದ ಅಳತೆಗೋಲನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ, ಸಿಟ್ಟಿನಿಂದ ಮುರಿಯಬೇಕೂ ಇಲ್ಲ. ನಮ್ಮ ಮಕ್ಕಳ ಮಾತಿನಲ್ಲಿ ಅದನ್ನು ಮತ್ತೆ ಒರೆಗೆ ಹಚ್ಚಬೇಕೆಂಬ ದಾರಿಯನ್ನು ಅವರು ತೋರಿಸಿದರು.

ಆದರೆ ಕನ್ನಡದ ಮಗುವೆಂದರೂ ಅದು ಒಂದೇ ಬಗೆಯದೆ? ನಮ್ಮ ಜಿಲ್ಲೆಯನ್ನೇ ನೋಡಿರಿ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು, ಸುತ್ತಲಿನ ಹಳ್ಳಿಗಳನ್ನು ನುಂಗಿತು. ನವನಗರದಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ ಒಂದು ಪೀಳಿಗೆ ಬೆಳೆಯಿತು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯೂ ಇದೆ. ಅಜ್ಜ ತೋರಿಸುವ ಊರು ನೀರಿನ ಕೆಳಗಿರುವಾಗ ಮಗುವಿಗೆ ‘ನಮ್ಮೂರು’ ಎಂದರೇನು? ಬಾದಾಮಿಯ ಬನಶಂಕರಿ ಜಾತ್ರೆಗೆ ಬಂದು ಬೀಡುಬಿಡುವ ನಾಟಕ ಕಂಪನಿಗಳ, ಅಂಗಡಿಕಾರರ ಮಕ್ಕಳು ಜಾತ್ರೆಯಿಂದ ಜಾತ್ರೆಗೆ ನಡೆಯುತ್ತ ಏನು ಕಲಿಯುತ್ತಾರೆ, ಏನು ಕಳೆದುಕೊಳ್ಳುತ್ತಾರೆ? ಹುನಗುಂದದ ಎರೆಹೊಲಗಳಲ್ಲಿ ಮಳೆ ಕೈಕೊಟ್ಟ ವರ್ಷ ತಂದೆತಾಯಿಯರೊಂದಿಗೆ ಗೋವೆಗೋ ಮಂಗಳೂರಿಗೋ ಗುಳೆ ಹೋಗುವ ಮಗು ಎಷ್ಟು ಭಾಷೆಗಳ ನಡುವೆ ಬದುಕುತ್ತದೆ? ಇಂಥ ಪ್ರಶ್ನೆಗಳು ಜಿನೀವಾದಲ್ಲಾಗಲಿ, ಬೆಂಗಳೂರಿನಲ್ಲಾಗಲಿ ಕುಳಿತವರಿಗೆ ತಾವಾಗಿ ಹೊಳೆಯುವುದಿಲ್ಲ. ಇಲ್ಲಿಗೆ ಬಂದು ಕೇಳಬೇಕು. ಇಲ್ಲಿ ಹುಟ್ಟಿ ಬೆಳೆದವರೇ ಕೇಳಿದರೆ ಇನ್ನೂ ಒಳ್ಳೆಯದು.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ‘ನಮ್ಮ ಬಾಲ್ಯವೇ ಬೇರೆ’ ಎಂಬ ಮಾತನ್ನು ನಮ್ಮ ತಪ್ಪುಗಳ ಮೇಲೆ ಹೊದಿಸುವ ಶಾಲನ್ನಾಗಿ ಮಾಡಿಕೊಳ್ಳಬಾರದು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯು ಮಗು ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗುವುದೇ ಮೊದಲಾದ ಕೆಲವು ವಿನಾಯಿತಿಗಳನ್ನು ಬಿಟ್ಟು, 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದೆ. ಸಂಜೆ ಅರ್ಧ ತಾಸು ಕಂಡಿಕೆ ಸುತ್ತುವ ಮಗು ಕಾಯಕದ ಗೌರವವನ್ನು ಕಲಿಯುತ್ತಿರಬಹುದು. ಅದೇ ಮಗು ಶಾಲೆ ತಪ್ಪಿಸಿ ದಿನವಿಡೀ ಮಗ್ಗದ ಬಳಿ ಕುಳಿತರೆ ಅದು ಕಾಯಕವಲ್ಲ, ಬಾಲ್ಯದ ಸುಲಿಗೆ. ಹದಿನಾರರ ಹೆಣ್ಣುಮಗಳಿಗೆ ಬಾಸಿಂಗ ಕಟ್ಟುವುದು ಸಂಸ್ಕೃತಿಯ ವೈವಿಧ್ಯವಲ್ಲ, ಅಪರಾಧ. ಒಳ್ಳೆಯ ಸಂಶೋಧನೆ ನಮ್ಮ ಹಿರಿಮೆಯನ್ನು ಹೇಳುವಂತೆ ನಮ್ಮ ಹುಳುಕನ್ನೂ ಹೇಳುತ್ತದೆ. ಎರಡನ್ನೂ ಕೇಳಿಸಿಕೊಳ್ಳುವ ಧೈರ್ಯ ನಮಗಿರಬೇಕು.

ಹಾಗಾದರೆ ಮನೆಮನೆಗಳಲ್ಲಿ ನಾವು ಮಾಡಬಹುದಾದದ್ದೇನು? ಮೊದಲನೆಯದು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಕ್ಕಳ ಬಗ್ಗೆ ಕೇಳುತ್ತ ಮನೆ ಬಾಗಿಲಿಗೆ ಬಂದರೆ ಅನುಮಾನದಿಂದ ಕದ ಹಾಕಿಕೊಳ್ಳಬೇಡಿ. ಯಾರು, ಏತಕ್ಕೆ ಕೇಳುತ್ತಿದ್ದಾರೆಂದು ವಿಚಾರಿಸಿರಿ. ತಿಳಿದ ಮೇಲೆ ಒಳಗೆ ಕರೆಯಿರಿ. ನೆರೆಯ ಆಂಧ್ರ, ತೆಲಂಗಾಣಗಳ ಕುಟುಂಬಗಳು ಹಾಗೆ ಬಾಗಿಲು ತೆರೆದದ್ದರಿಂದಲೇ ‘ಯಂಗ್ ಲೈವ್ಸ್’ ಎಂಬ ಅಧ್ಯಯನ ಸಾಧ್ಯವಾಯಿತು. ಭಾರತ, ಇಥಿಯೋಪಿಯಾ, ಪೆರು, ವಿಯೆಟ್ನಾಂ ದೇಶಗಳ ಸುಮಾರು 12,000 ಮಕ್ಕಳ ಬದುಕನ್ನು 2002ರಿಂದ ವರ್ಷಗಟ್ಟಲೆ ಹಿಂಬಾಲಿಸಿದ ಕೆಲಸವದು.

ಎರಡನೆಯದು, ಕೇಳುವ ಹಕ್ಕು ಅವರಿಗಿರುವಂತೆ ಒಲ್ಲೆನೆನ್ನುವ ಹಕ್ಕು ಮಗುವಿಗಿದೆ. ತಂದೆತಾಯಿಯರ ಒಪ್ಪಿಗೆಯೊಂದೇ ಸಾಲದು; ಮಗು ಮುಖ ತಿರುಗಿಸಿದರೆ ಪ್ರಶ್ನೆ ಅಲ್ಲಿಗೇ ನಿಲ್ಲಬೇಕು, ಭಾವಚಿತ್ರವನ್ನೂ ತೆಗೆಯಬಾರದು. ಮೂರನೆಯದು, ನಮ್ಮಿಂದ ಪಡೆದ ತಿಳಿವಳಿಕೆ ನಮಗೇ ಕನ್ನಡದಲ್ಲಿ ಮರಳಿ ಬರಲಿ ಎಂದು ಕೇಳಿರಿ. ನಮ್ಮ ಮಕ್ಕಳ ಮಾತು ಇಂಗ್ಲಿಷ್ ಗ್ರಂಥದ ಕಪಾಟಿನಲ್ಲಿ ಉಳಿದುಹೋದರೆ ಇಳಕಲ್ಲಿನ ತಾಯಿಗೆ ಅದರಿಂದ ಏನು ಪ್ರಯೋಜನ?

ನಾಲ್ಕನೆಯದು, ಮಕ್ಕಳನ್ನೇ ಕೇಳಿರಿ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಕರ್ನಾಟಕ ಸರ್ಕಾರ 2006ರಲ್ಲೇ ಆದೇಶ ಹೊರಡಿಸಿತು. ಆ ದಿನ ನಿಮ್ಮ ಮಕ್ಕಳನ್ನು ಕಳುಹಿಸಿರಿ. ಅವರು ಹೇಳಿದ್ದನ್ನು ನಗೆಗೀಡು ಮಾಡದೆ ಬರೆದುಕೊಳ್ಳುವಂತೆ ಹಿರಿಯರು ನೋಡಿಕೊಳ್ಳಲಿ. ಮನೆಯಲ್ಲೂ ಒಂದು ವಹಿ ಇರಲಿ: ಮಗು ಮೊದಲು ಆಡಿದ ಮಾತು, ಕಲಿತ ಕೆಲಸ, ಕೇಳಿದ ಪ್ರಶ್ನೆ, ಕಂಡ ಭಯ. ಶೈಶವದ ಬಗ್ಗೆ ಪಿಯಾಜೆಯವರು ಬರೆದ ಗ್ರಂಥಗಳಿಗೆ ಆಧಾರವಾದದ್ದೂ ಇಂಥ ಟಿಪ್ಪಣಿಗಳೇ ಅಲ್ಲವೆ?

ಈಚೆಗೆ ನಾವು ಮತ್ತೆ ಇಳಕಲ್ಲಿಗೆ ಹೋದಾಗ ಆ ತಾಯಿಗೆ ನಾಲ್ಕನೆಯ ತರಗತಿಯ ಮಾತನ್ನು ತಿಳಿಸಿದೆವು. ಅವರು ಕೆಲಹೊತ್ತು ಸುಮ್ಮನಿದ್ದು, “ಹಂಗಾರ ನಾ ಸುಮ್ಮಸುಮ್ಮಕ ಬೈದ್ನೇನ್ರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗ ಪಾಠದ ಪುಸ್ತಕ ತಂದು ನಮ್ಮ ಪಕ್ಕದಲ್ಲಿ ಕುಳಿತ. ಒತ್ತಕ್ಷರ ಬಂದಲ್ಲಿ ನಿಂತ; ಬೆರಳಿಟ್ಟು ನೋಡಿದ; ನಿಧಾನವಾಗಿ ಓದಿದ. ತಾಯಿ ಈ ಸಲ ಅವಸರ ಮಾಡಲಿಲ್ಲ.

ನಿಮ್ಮ ಮನೆಯ ಮಕ್ಕಳ ಇಂಥ ಅನುಭವಗಳನ್ನು ಬರೆದು ತಿಳಿಸಿರಿ. ಮುಂದಿನ ತಿಂಗಳು ಭೇಟಿಯಾಗೋಣ.