ಕಾಯಿದೆಯಿಲ್ಲದ ಕಾವಲುಗಾರ

ಮೊನ್ನೆ ಸೊರಬದಲ್ಲಿ ನಮ್ಮ ಸಭೆ ನಡೆದಾಗ ಮಫ್ತಿಯಲ್ಲಿದ್ದವರೊಬ್ಬರು ಚಹದಂಗಡಿಯ ಬೆಂಚಿನಲ್ಲಿ ಕುಳಿತು ನಮ್ಮ ಭಾಷಣವನ್ನು ಬರೆದುಕೊಳ್ಳುತ್ತಿದ್ದರು. ಅವರ ಮೇಲೆ ನಮಗೆ ಕೋಪವಿಲ್ಲ. ಅವರೂ ಸಂಬಳಕ್ಕೆ ದುಡಿಯುವವರೇ. ಆದರೆ ಅಕ್ಕಿ ಗಿರಣಿಯ ಹಮಾಲರ ಕೂಲಿಯ ಮಾತಿನಲ್ಲಿ ಅಂಥ ಗುಟ್ಟೇನಿತ್ತೋ ನಾವು ಕಾಣೆವು.

ನಮ್ಮ ಸೀಮೆಯ ಜನ ಗುಟ್ಟಿನಲ್ಲಿ ಏನೂ ಮಾಡಿದವರಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು, ತಾನು ಸ್ವತಂತ್ರವೆಂದು ಬಹಿರಂಗವಾಗಿಯೇ ಸಾರಿತು; ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿತು. ಇದನ್ನು ತಿಳಿಯಲು ಗೂಢಚಾರರು ಬೇಕಿರಲಿಲ್ಲ. ಜನರ ಅಹವಾಲು ಕೇಳಬೇಕಾಗಿದ್ದ ಮೈಸೂರು ಸರ್ಕಾರ ಪೋಲೀಸರನ್ನು ಕಳಿಸಿತು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಆಮೇಲೆ ಸೈನ್ಯ ಬಂತು. 1943ರ ಮಾರ್ಚಿನಲ್ಲಿ ಈಸೂರಿನ ಐವರು ಗಲ್ಲಿಗೇರಿದರು.

ಇರಲಿ. ಚಹದಂಗಡಿಯ ಆ ಗೃಹಸ್ಥರು ರಾಜ್ಯದ ಪೋಲೀಸಿನವರು. ಅವರ ಇಲಾಖೆಗೆ 1963ರ ಪೋಲೀಸ್ ಕಾಯಿದೆಯಾದರೂ ಇದೆ. ದಿಲ್ಲಿಯ ಇಂಟೆಲಿಜೆನ್ಸ್ ಬ್ಯೂರೋವಿಗೆ ಅದೂ ಇಲ್ಲ!

ಈ ಬ್ಯೂರೋ 1887ರಲ್ಲಿ ಬ್ರಿಟಿಷರು ಹುಟ್ಟಿಸಿದ ಕೂಸು. 1947ರಲ್ಲಿ ಬಾವುಟ ಬದಲಾಯಿತು, ಬ್ಯೂರೋ ಉಳಿಯಿತು. ನೇತಾಜಿ ಸುಭಾಷರ ಬಂಧುಗಳ ಮೇಲೆ 1948ರಿಂದ 1968ರವರೆಗೆ ಅದು ಕಣ್ಣಿಟ್ಟಿತ್ತೆಂಬುದು 2015ರಲ್ಲಿ ಹೊರಬಿತ್ತು. ಬ್ಯೂರೋ ಯಾವ ಕಾನೂನಿನ ಮೇಲೆ ನಿಂತಿದೆಯೆಂದು, 2013ರ ಸುಮಾರಿಗೆ, ಅದರದೇ ನಿವೃತ್ತ ಅಧಿಕಾರಿಯೊಬ್ಬರು ಕರ್ನಾಟಕದ ಹೈಕೋರ್ಟಿನಲ್ಲಿ ಕೇಳಬೇಕಾಯಿತು. ಬ್ರಿಟನ್ ತನ್ನ ಭದ್ರತಾ ದಳಕ್ಕೆ 1989ರಲ್ಲೇ ಶಾಸನ ಮಾಡಿಕೊಂಡಿದೆ. ನಮ್ಮ ಪಾರ್ಲಿಮೆಂಟು ಮಾಡಿದ್ದೇನು? ಬ್ಯೂರೋದ ನೌಕರರು ಯೂನಿಯನ್ ಕಟ್ಟದಂತೆ 1985ರಲ್ಲಿ ಕಾನೂನು ತಂದಿತು. 2005ರಲ್ಲಿ ಮಾಹಿತಿ ಹಕ್ಕಿನಿಂದ ಬ್ಯೂರೋವನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಶಿಕಾರಿಪುರದ ಅಂಗಡಿಕಾರನ ತಕ್ಕಡಿಗೆ ಸರ್ಕಾರದ ಮುದ್ರೆ ಬೀಳಲೇಬೇಕು. ಪ್ರಜೆಯನ್ನು ತೂಗುವ ಈ ತಕ್ಕಡಿಗೆ ಮುದ್ರೆ ಒತ್ತುವವರಾರು?

ಭದ್ರತೆಯೇ ಬೇಡವೆನ್ನುವವರು ನಾವಲ್ಲ. ಬಾಂಬಿಡುವವನನ್ನು ಮುಂಚೆಯೇ ಹಿಡಿಯಬೇಕು. ಆದರೆ ಆ ಹೆಸರಿನಲ್ಲಿ ಏನಾಗಬಲ್ಲದೆಂಬುದನ್ನು ನಾವು ಕಂಡಿದ್ದೇವೆ. 'ಆಂತರಿಕ ಭದ್ರತೆ'ಯನ್ನು ಹೆಸರಿನಲ್ಲೇ ಹೊತ್ತಿದ್ದ 1971ರ ಮೀಸಾ ಕಾಯಿದೆ, ತುರ್ತು ಪರಿಸ್ಥಿತಿಯಲ್ಲಿ ಸಮಾಜವಾದಿ ನಟಿ ಸ್ನೇಹಲತಾ ರೆಡ್ಡಿಯವರನ್ನು ವಿಚಾರಣೆಯಿಲ್ಲದೆ ಬೆಂಗಳೂರಿನ ಸೆರೆಮನೆಯಲ್ಲಿಟ್ಟಿತು. ಅವರು ಉಬ್ಬಸದ ರೋಗಿ. ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಆ ಕಾಯಿದೆ ಮರುವರ್ಷ ರದ್ದಾಯಿತು. ಬ್ಯೂರೋ ಇದ್ದಂತೆಯೇ ಇದೆ.

ಬ್ಯೂರೋವನ್ನು ಕಾನೂನಿನ ಅಂಕೆಗೆ ತರಲು 2011ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದು ಬಂದಿತ್ತು, ಕಾನೂನಾಗಲಿಲ್ಲ. ಓಟು ಕೇಳಲು ಬಂದವರನ್ನು ನಾವು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಬೇಕು: ಈ ದಳಕ್ಕೆ ಶಾಸನ ತರುವಿರೋ, ಅದರ ಕೆಲಸವನ್ನು ಪರಿಶೀಲಿಸಲು ಪಾರ್ಲಿಮೆಂಟಿನ ಸಮಿತಿಯೊಂದನ್ನು ನೇಮಿಸುವಿರೋ, ಇಲ್ಲವೋ?