ಗೆಲ್ಲೋದು ಒಂದು ದಿನ, ಆಳೋದು ದಿನಾ

ಗಂಗಾವತಿಯಿಂದ ಆನೆಗೊಂದಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಎರಡು ನೋಟ ಕಣ್ಣಿಗೆ ಬೀಳುತ್ತವೆ. ಒಂದು, ಬಂಡೆಗುಡ್ಡದ ಮೇಲಿನ ಹಾಳು ಕೋಟೆಗೋಡೆ. ಇನ್ನೊಂದು, ಕೆಳಗೆ ಹಸಿರಾಗಿ ನಿಂತ ಭತ್ತದ ಗದ್ದೆ. ಗೋಡೆ ಬಿತ್ತು, ವಿಜಯನಗರದ ಕಾಲದ ಕಾಲುವೆ ಮಾತ್ರ ಇವತ್ತಿಗೂ ಹರಿಯುತ್ತಿದೆ. ಹೊಸ ಸೀಮೆ ಹಿಡಿಯುವ, ಹಿಡಿದದ್ದನ್ನು ಉಳಿಸಿಕೊಳ್ಳುವ ರಾಜಕಾರಣದ ಪಾಠವೆಲ್ಲ ಈ ಎರಡರಲ್ಲೇ ಇದೆ.

1327ರಲ್ಲಿ ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ದಂಡು ಇಲ್ಲಿಯ ಕಂಪಿಲಿ ರಾಜ್ಯವನ್ನು ಮುರಿಯಿತು. ಕಂಪಿಲರಾಯ ಹೋರಾಡಿ ಸತ್ತ. ಅವನ ಮಕ್ಕಳನ್ನು ದಿಲ್ಲಿಗೆ ಒಯ್ದು ಅಮೀರರನ್ನಾಗಿ ಮಾಡಿದರೆಂದು ಇಬ್ನ್ ಬತೂತ ಬರೆದಿದ್ದಾನೆ. ಗೆಲುವೇನೋ ಪೂರಾ ಆಯಿತು. ಮುಂದೆ? ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಕಥೆಯಂತೆ, ಇಲ್ಲಿ ಬಿಟ್ಟುಹೋದ ಅಧಿಕಾರಿಗೆ ಮಂದಿ ಬಗ್ಗಲಿಲ್ಲ, ಕಂದಾಯ ಕಟ್ಟಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂದಂಗಾಯಿತು ಅವನ ಪಾಡು. ಕಡೆಗೆ ಸುಲ್ತಾನ ಸೆರೆಯಲ್ಲಿಟ್ಟಿದ್ದ ಇದೇ ಸೀಮೆಯವರನ್ನು ಬಿಟ್ಟು, ಅವರ ಕೈಗೇ ನಾಡನ್ನು ಒಪ್ಪಿಸಬೇಕಾಯಿತಂತೆ.

ಈ ಪಾಠ ಚೆನ್ನಾಗಿ ಕಲಿತವರು ಹೊಳೆಯ ಆಚೆ ದಂಡೆಯಲ್ಲಿ ರಾಜಧಾನಿ ಕಟ್ಟಿದ ಹರಿಹರ-ಬುಕ್ಕರು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ತಂಟೆ ಬಂದಾಗ ಬುಕ್ಕರಾಯ ದಂಡು ಕಳಿಸಲಿಲ್ಲ. ಇಬ್ಬರನ್ನೂ ಕರೆಸಿ ಕೈ ಕೈ ಹಿಡಿಸಿ ರಾಜಿ ಮಾಡಿಸಿದ. ಶ್ರವಣಬೆಳಗೊಳದ ಶಾಸನ ಇದಕ್ಕೆ ಸಾಕ್ಷಿ. ಇಮ್ಮಡಿ ದೇವರಾಯ ಮುಸಲ್ಮಾನ ಬಿಲ್ಲುಗಾರರನ್ನು ತನ್ನ ದಂಡಿಗೇ ಸೇರಿಸಿಕೊಂಡ. ರಾಯಚೂರು ಗೆದ್ದ ಕೃಷ್ಣದೇವರಾಯನೇ ‘ಆಮುಕ್ತಮಾಲ್ಯದ’ದಲ್ಲಿ ಹೇಳಿರುವ ತಾತ್ಪರ್ಯ ಇಷ್ಟು: ನಾಡು ಸಣ್ಣದಾದರೂ ಕೆರೆ-ಕಾಲುವೆ ಇರಲಿ, ಬಡವನ ಮೇಲೆ ತೆರಿಗೆ ಹಗುರಿರಲಿ, ಬೊಕ್ಕಸ ತಾನೇ ತುಂಬುತ್ತದೆ. ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇದನ್ನು ಮರೆತವನು ಅಳಿಯ ರಾಮರಾಯ. ನೆರೆಯ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ತನ್ನ ಮನೆ ಭದ್ರ ಎಂದುಕೊಂಡ. 1565ರಲ್ಲಿ ಅವರೆಲ್ಲ ಒಂದಾದರು. ‘ಹಾಳು ಹಂಪೆ’ ಎಂಬ ಮಾತು ಉಳಿಯಿತು.

ಹಳೇ ರಾಜರ ಮಾತು ಬಿಡಿ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಸಂಸ್ಥಾನ ಐದೇ ದಿನದಲ್ಲಿ ಕೈಗೆ ಬಂತು. 1956ರಲ್ಲಿ ಈ ಭಾಗ ಕನ್ನಡ ನಾಡಿಗೆ ಸೇರಿತು. ಹಿಂದುಳಿದ ಈ ಸೀಮೆಗೆ 371(ಜೆ) ಎಂಬ ವಿಶೇಷ ಸ್ಥಾನ ಪಾರ್ಲಿಮೆಂಟಿನಲ್ಲಿ ಪಾಸಾದದ್ದು ಮಾತ್ರ 2012ರಲ್ಲಿ! ಹಿಡಿಯಲು ಐದು ದಿನ, ‘ನೀವೂ ನಮ್ಮವರು’ ಎಂದು ಕಾಯಿದೆಯಲ್ಲಿ ಬರೆಯಲು ಅರವತ್ತನಾಲ್ಕು ವರ್ಷ.

ಈಗ ಆನೆಗೊಂದಿಗೆ ಹೊಸ ದೊರೆ ಎಂದರೆ 2002ರ ಕಾಯಿದೆಯಿಂದ ಹುಟ್ಟಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಕಾನೂನು ಕಾನೂನೇ, ತಕರಾರಿಲ್ಲ. ಕಲ್ಲು ಉಳಿಯಬೇಕು ನಿಜ. ಆದರೆ ಆ ಕಲ್ಲಿನ ನೆರಳಿನಲ್ಲಿ ಚಹಾ ಮಾರುವವನು, ಆಟೋ ಹೊಡೆಯುವವನು, ಸೋರುವ ಮಾಳಿಗೆ ರಿಪೇರಿಗೆ ಕಾದವನು ಉಳಿಯಬೇಡವೇ? ಊರಿನ ಭವಿಷ್ಯದ ನಕ್ಷೆ ಬರೆಯುವಾಗ ಊರಿನವರನ್ನೇ ಹೊರಗೆ ಕೂಡಿಸಿದರೆ, ಜೆಸಿಬಿ ತಂದ ಗೆಲುವು ಎಷ್ಟು ದಿನದ್ದು?

ಪ್ರಾಧಿಕಾರದ ಸಾಹೇಬರು ಒಂದು ದಿನ ಜೀಪು ಬಿಟ್ಟು ಬಸ್ಸಿನಲ್ಲಿ ಬಂದು ಊರ ಕಟ್ಟೆಯ ಮೇಲೆ ಕೂತು ಮಂದಿಯ ಮಾತು ಕೇಳಲಿ. ತುಘಲಕನ ಅಧಿಕಾರಿ ಮಾಡದೇ ಹೋದ ಕೆಲಸ ಅದೊಂದೇ.